ವ್ಯಾಪಾರದಲ್ಲಿ ಕಥೆ ಹೇಳುವ ಪದ್ಧತಿ: ಒಂದು ಐತಿಹಾಸಿಕ ಅವಲೋಕನ

ತನ್ನಲ್ಲಿರುವ ಸರಕನ್ನು ನಾಲ್ಕು ಜನರಿಗೆ ತಿಳಿಸದೆ ಯಾವ ವ್ಯಾಪಾರಿಯೂ ಅಂಗಡಿ ನಡೆಸಲಾರನು. ಹಾಗೆ ತಿಳಿಸುವ ರೀತಿಗಳು ಎರಡು. ‘ನನ್ನ ಮಾಲನ್ನು ಕೊಳ್ಳಿರಿ’ ಎಂದು ನೇರವಾಗಿ ಕೂಗಿ ಹೇಳುವುದು ಒಂದು. ಗಿರಾಕಿಗೆ ಉಪಯೋಗಕ್ಕೆ ಬರುವ ಅಥವಾ ಅವನ ಮನಸ್ಸಿಗೆ ಮುದ ಕೊಡುವ ಏನನ್ನಾದರೂ ಮೊದಲು ಕೊಟ್ಟು, ಅದರ ನೆನಪಿನೊಡನೆ ತನ್ನ ಹೆಸರೂ ಉಳಿಯುವಂತೆ ಮಾಡುವುದು ಇನ್ನೊಂದು. ಇಂದು ಅಂತರ್ಜಾಲದಲ್ಲಿ ಪ್ರಬಲವಾಗಿರುವುದು ಈ ಎರಡನೆಯ ರೀತಿ. ಬಟ್ಟೆ ಅಂಗಡಿಯವರು ಸೀರೆಯ ನೆರಿಗೆ ಹಿಡಿಯುವ ಕ್ರಮವನ್ನು ಕಿರುವಿಡಿಯೊ ಮಾಡಿ ತೋರಿಸುತ್ತಾರೆ. ಆಭರಣದ ಅಂಗಡಿಯವರು ಹಾಲ್‌ಮಾರ್ಕ್ ಗುರುತನ್ನು ಓದುವುದು ಹೇಗೆಂದು ವಿವರಿಸುತ್ತಾರೆ. ದಿನಸಿ ವ್ಯಾಪಾರಿಗಳು ದಶಲಕ್ಷಣ ಪರ್ವದ ದಿನಗಳಿಗೆ ಒದಗುವ ಅಡುಗೆಗಳನ್ನು ವಾಟ್ಸ್‌ಆಪ್ ಮೂಲಕ ಕಳುಹಿಸುತ್ತಾರೆ. ನಮ್ಮ ಅನೇಕ ಮನೆಗಳಲ್ಲಿ ಗಲ್ಲಾಪೆಟ್ಟಿಗೆಯ ಬಳಿ ಹಿರಿಯರು ಕುಳಿತಿದ್ದರೆ, ಈ ಕೆಲಸವನ್ನು ಮಕ್ಕಳೂ ಸೊಸೆಯಂದಿರೂ ವಹಿಸಿಕೊಂಡಿದ್ದಾರೆ.

ಇದೇನೋ ಹೊಚ್ಚಹೊಸ ವಿದ್ಯೆಯೆಂದು ಕೆಲವರು ಹಿಗ್ಗುತ್ತಾರೆ, ಕೆಲವರು ಅಂಜುತ್ತಾರೆ. ವಾಸ್ತವವಾಗಿ ಸಾಧನ ಹೊಸದು, ಪದ್ಧತಿ ಹಳೆಯದು. ನೂರಿಪ್ಪತ್ತೈದು ವರ್ಷಗಳಿಗೂ ಮಿಕ್ಕಿದ ಅದರ ಇತಿಹಾಸವನ್ನು ನೋಡಿದರೆ, ಯಾವುದು ಬಾಳಿತು, ಯಾವುದು ಹೆಸರು ಕೆಡಿಸಿತು ಎಂಬುದು ತಿಳಿಯುತ್ತದೆ.

ರೈತರ ಪತ್ರಿಕೆ, ಮೋಟಾರು ಸವಾರರ ಕೈಪಿಡಿ

ಅಮೆರಿಕದ ಇಲಿನಾಯ್ ಪ್ರಾಂತ್ಯದಲ್ಲಿ ಜಾನ್ ಡೀರ್ ಎಂಬ ಕಮ್ಮಾರನು 1837ರಲ್ಲಿ ಉಕ್ಕಿನ ನೇಗಿಲನ್ನು ತಯಾರಿಸಿ ಹೆಸರಾದನು. ಅವನ ಕಾಲಾನಂತರ, 1895ರಲ್ಲಿ, ಆ ಸಂಸ್ಥೆಯವರು ‘ದಿ ಫರೋ’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಫರೋ ಎಂದರೆ ನೇಗಿಲಸಾಲು. ಭೂಮಿಯ ಆರೈಕೆ, ಬೆಳೆ, ಒಕ್ಕಲುತನದ ಲಾಭನಷ್ಟ ಮುಂತಾಗಿ ರೈತನಿಗೆ ಬೇಕಾದ ವಿಷಯಗಳು ಅದರಲ್ಲಿ ಬರುತ್ತಿದ್ದುವು. ನೇಗಿಲು ಕೊಳ್ಳದ ರೈತನಿಗೂ ಆ ತಿಳಿವಳಿಕೆ ಉಪಯುಕ್ತವಾಗಿತ್ತು. 1912ರ ವೇಳೆಗೆ ಅದರ ಪ್ರಸಾರ ಸುಮಾರು 40 ಲಕ್ಷ ಪ್ರತಿಗಳಿಗೆ ಏರಿತೆಂದು ಹೇಳುತ್ತಾರೆ. ಆ ಪತ್ರಿಕೆ ಇಂದಿಗೂ ಅನೇಕ ದೇಶಗಳಲ್ಲಿ, ಅನೇಕ ಭಾಷೆಗಳಲ್ಲಿ ಪ್ರಕಟವಾಗುತ್ತಿದೆ.

ಇದಕ್ಕಿಂತಲೂ ಬೋಧಪ್ರದವಾದದ್ದು ಫ್ರಾನ್ಸಿನ ಮಿಶೆಲಿನ್ ಸಹೋದರರ ಕಥೆ. ಆಂದ್ರೆ ಮತ್ತು ಎಡ್ವಾರ್ ಎಂಬ ಈ ಅಣ್ಣತಮ್ಮಂದಿರು ರಬ್ಬರಿನ ಟಯರು ಮಾಡಿ ಮಾರುತ್ತಿದ್ದರು. 1900ರಲ್ಲಿ ಇಡೀ ಫ್ರಾನ್ಸಿನಲ್ಲಿದ್ದ ಮೋಟಾರು ಗಾಡಿಗಳು ಮೂರು ಸಾವಿರವನ್ನೂ ಮುಟ್ಟಿರಲಿಲ್ಲ. ಜನರು ಗಾಡಿಯಲ್ಲಿ ದೂರ ಹೋಗದಿದ್ದರೆ ಟಯರು ಸವೆಯುವುದಿಲ್ಲ. ಟಯರು ಸವೆಯದಿದ್ದರೆ ವ್ಯಾಪಾರವಿಲ್ಲ. ಆದುದರಿಂದ ಅವರು ಒಂದು ಕೈಪಿಡಿಯನ್ನು ಸಿದ್ಧಪಡಿಸಿ, ಸುಮಾರು 35,000 ಪ್ರತಿಗಳನ್ನು ಅಚ್ಚುಹಾಕಿಸಿ ಉಚಿತವಾಗಿ ಹಂಚಿದರು. ಊರುಗಳ ವಿವರ, ರಿಪೇರಿ ಮಾಡುವವರು ಮತ್ತು ಪೆಟ್ರೋಲು ಸಿಗುವ ಸ್ಥಳಗಳು, ತಂಗುವ ಹೋಟೆಲುಗಳು, ಟಯರನ್ನು ತಾವೇ ಬದಲಾಯಿಸುವ ವಿಧಾನ ಇವೆಲ್ಲ ಅದರಲ್ಲಿದ್ದುವು.

ಇಪ್ಪತ್ತು ವರ್ಷಗಳ ಮೇಲೆ, 1920ರಲ್ಲಿ, ಅವರು ಎರಡು ನಿರ್ಧಾರಗಳನ್ನು ಕೈಗೊಂಡರು. ಪುಸ್ತಕಕ್ಕೆ ಏಳು ಫ್ರಾಂಕುಗಳ ಬೆಲೆಯನ್ನಿಟ್ಟರು. ಅದರಲ್ಲಿ ಬರುತ್ತಿದ್ದ ಜಾಹೀರಾತುಗಳನ್ನು ಕೈಬಿಟ್ಟರು. ಒಂದು ಗ್ಯಾರೇಜಿನಲ್ಲಿ ತಮ್ಮ ಪುಸ್ತಕಗಳನ್ನು ಮೇಜಿನ ಕಾಲಿಗೆ ಆಸರೆಯಾಗಿ ಇಟ್ಟಿದ್ದನ್ನು ಆಂದ್ರೆಯವರು ಕಂಡು, ಪುಕ್ಕಟೆ ದೊರೆತದ್ದಕ್ಕೆ ಜನ ಬೆಲೆ ಕೊಡುವುದಿಲ್ಲವೆಂದು ಮನಗಂಡರೆಂಬ ಕಥೆ ಆ ಸಂಸ್ಥೆಯಲ್ಲಿ ಪ್ರಚಲಿತವಾಗಿದೆ. ಕಥೆ ಹೇಗೇ ಇರಲಿ, ನಿರ್ಧಾರ ದೊಡ್ಡದು. ಹಣ ಕೊಟ್ಟ ಹೋಟೆಲಿನವನ ಜಾಹೀರಾತು ಇರುವ ಪುಸ್ತಕವು ಹೋಟೆಲುಗಳ ಗುಣದೋಷವನ್ನು ಹೇಳಿದರೆ ನಂಬುವವರಾರು? 1926ರಲ್ಲಿ ಉತ್ತಮ ಭೋಜನಗೃಹಗಳಿಗೆ ನಕ್ಷತ್ರದ ಗುರುತು ಕೊಡುವ ಕ್ರಮ ಬಂದಿತು. ಪರೀಕ್ಷಕರು ತಮ್ಮ ಗುರುತು ಹೇಳದೆ ಹೋಗಿ, ಹಣ ತೆತ್ತು ಊಟ ಮಾಡಿ ಬರುವ ಪದ್ಧತಿ ನೆಲೆಗೊಂಡಿತು. ಹೀಗೆ ಟಯರು ಮಾರಲು ಹುಟ್ಟಿದ ಪುಸ್ತಕವು ಟಯರಿಗಿಂತ ಹೆಚ್ಚು ಹೆಸರು ಗಳಿಸಿತು. ಇತ್ತೀಚಿನ ವರ್ಷಗಳಲ್ಲಿ ಕೆಲವು ದೇಶಗಳ ಪ್ರವಾಸೋದ್ಯಮ ಇಲಾಖೆಗಳು ಹಣ ಕೊಟ್ಟು ಈ ಕೈಪಿಡಿಯನ್ನು ತಮ್ಮಲ್ಲಿಗೆ ಕರೆಸಿಕೊಂಡಿವೆ. ಅದರಿಂದ ಟೀಕೆಯೂ ಎದ್ದಿದೆ. ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡವನು ಪ್ರತಿ ತಲೆಮಾರಿನಲ್ಲಿಯೂ ಅದಕ್ಕೆ ಲೆಕ್ಕ ಒಪ್ಪಿಸಬೇಕಾಗುತ್ತದೆ.

ಧ್ವನಿ, ಚಿತ್ರ ಮತ್ತು ನಮ್ಮ ನಾಡು

ರೇಡಿಯೊ ಬಂದ ಮೇಲೆ ವ್ಯಾಪಾರಿಯ ಕಥೆಗೆ ಧ್ವನಿ ಬಂದಿತು. 1933ರಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯು ಆಕ್ಸಿಡಾಲ್ ಎಂಬ ಬಟ್ಟೆ ಒಗೆಯುವ ಸಾಬೂನಿನ ಪುಡಿಗಾಗಿ ‘ಮಾ ಪರ್ಕಿನ್ಸ್’ ಎಂಬ ಕಥಾಮಾಲಿಕೆಯನ್ನು ಬಿತ್ತರಿಸಿತು. ಅದು 1960ರ ವರೆಗೆ ನಡೆಯಿತು. ಇಂದು ದೂರದರ್ಶನದ ಧಾರಾವಾಹಿಗಳಿಗೆ ಇಂಗ್ಲಿಷಿನಲ್ಲಿ ‘ಸೋಪ್’ ಎಂಬ ಹೆಸರಿರುವುದು ಇಂಥ ಸಾಬೂನಿನ ವ್ಯಾಪಾರಿಗಳಿಂದಲೇ.

ನಮ್ಮ ದೇಶದಲ್ಲಿ 1952ರ ಕೊನೆಯಲ್ಲಿ ರೇಡಿಯೊ ಸಿಲೋನಿನಿಂದ ‘ಬಿನಾಕಾ ಗೀತಮಾಲಾ’ ಆರಂಭವಾಯಿತು. ಆಗ ಆಕಾಶವಾಣಿಯಲ್ಲಿ ಜಾಹೀರಾತುಗಳಿರಲಿಲ್ಲ. ಅಮೀನ್ ಸಯಾನಿಯವರ ಧ್ವನಿಯನ್ನು ಕೇಳಲು ಮನೆಮಂದಿಯೆಲ್ಲ ಬುಧವಾರ ರಾತ್ರಿ ರೇಡಿಯೊದ ಸುತ್ತ ಕೂಡುತ್ತಿದ್ದುದನ್ನು ನಮ್ಮ ಹಿರಿಯ ವಾಚಕರು ಮರೆತಿರಲಾರರು. ಬಿನಾಕಾ ಎಂಬುದು ಹಲ್ಲುಜ್ಜುವ ಪೇಸ್ಟಿನ ಹೆಸರು. ಕಾರ್ಯಕ್ರಮದ ಹೆಸರಿನಲ್ಲಿಯೇ ಖರ್ಚು ಕೊಡುವವನ ಹೆಸರು ಇದ್ದುದರಿಂದ ಕೇಳುವವರಿಗೆ ಯಾವ ಭ್ರಮೆಯೂ ಇರಲಿಲ್ಲ.

ಮೈಸೂರು ಸಂಸ್ಥಾನವೂ ಈ ಕಲೆಯಲ್ಲಿ ಹಿಂದೆ ಬಿದ್ದಿರಲಿಲ್ಲ. ಮೊದಲನೆಯ ಮಹಾಯುದ್ಧದಿಂದಾಗಿ ಶ್ರೀಗಂಧದ ರಫ್ತು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಇಲ್ಲಿಯೇ ಗಂಧದೆಣ್ಣೆ ತೆಗೆಯುವ ಉದ್ಯಮ ಹುಟ್ಟಿ, ಅದರಿಂದ ಮೈಸೂರು ಸ್ಯಾಂಡಲ್ ಸಾಬೂನು ಬಂದಿತು. ಆನೆಯ ತಲೆ, ಸಿಂಹದ ಶರೀರವುಳ್ಳ ಶರಭವು ಅದರ ಲಾಂಛನವಾಯಿತು. ಅದರ ಪ್ರಚಾರಕ್ಕಾಗಿ ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನು ನಡೆಸಿದ್ದೂ ಉಂಟು.

ಆದರೆ ನನಗೆ ಎಲ್ಲಕ್ಕಿಂತ ಮೇಲಾಗಿ ಕಾಣುವ ಉದಾಹರಣೆ ಗುಜರಾತಿನ ಹಾಲು ಉತ್ಪಾದಕರದು. 1966ರಲ್ಲಿ ಸಿಲ್ವೆಸ್ಟರ್ ಡಾಕುನ್ಹಾ ಅವರ ಕಲ್ಪನೆಯಲ್ಲಿ, ಯೂಸ್ಟೇಸ್ ಫರ್ನಾಂಡಿಸ್ ಅವರ ಕುಂಚದಲ್ಲಿ ಅಮುಲ್ ಬೆಣ್ಣೆಯ ಹುಡುಗಿ ಹುಟ್ಟಿದಳು. ಅಂದಂದಿನ ಸುದ್ದಿಯನ್ನು ಹಿಡಿದು ಅವಳಾಡುವ ಚುಟುಕು ಮಾತನ್ನು ಜನರು ಬೀದಿಯಲ್ಲಿ ನಿಂತು ಓದಿದರು; ಈಗ ಮೊಬೈಲಿನಲ್ಲಿ ಓದುತ್ತಿದ್ದಾರೆ. ಹತ್ತು ವರ್ಷಗಳ ತರುವಾಯ, 1976ರಲ್ಲಿ, ಅಲ್ಲಿಯ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಹಾಕಿ ‘ಮಂಥನ’ ಎಂಬ ಚಲನಚಿತ್ರವನ್ನು ನಿರ್ಮಿಸಿದರು. ನಿರ್ದೇಶಕರು ಶ್ಯಾಮ್ ಬೆನೆಗಲ್. ಹಾಲಿನ ಸಹಕಾರ ಸಂಘ ಕಟ್ಟುವ ಕಥೆಯನ್ನು ಹಾಲು ಮಾರುವವರೇ ಹಣ ಹಾಕಿ ಹೇಳಿಸಿದರು. ಇದನ್ನು ಪ್ರಚಾರವೆಂದು ಯಾರಾದರೂ ಕರೆಯಬಹುದು. ಆದರೆ ಚಿತ್ರದ ಆರಂಭದಲ್ಲಿಯೇ ನಿರ್ಮಾಪಕರು ರೈತರೆಂದು ಬರೆದಿತ್ತು. ಜಾತಿಯ ಜಗಳ, ಬಡವರ ಸಂಶಯ, ಸಂಘಟಕನ ಸೋಲು ಇವಾವುದನ್ನೂ ಕಥೆ ಬಚ್ಚಿಡಲಿಲ್ಲ. 2024ರಲ್ಲಿ ಅದರ ಜೀರ್ಣೋದ್ಧಾರಗೊಂಡ ಪ್ರತಿಯನ್ನು ಕಾನ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಎರಡೆರಡು ರೂಪಾಯಿಗಳು ಸುಮಾರು ಅರ್ಧ ಶತಮಾನ ಬಾಳಿದುವು.

ಮರೆಯಲ್ಲಿ ನಿಂತ ಕೈ

ಈಗ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. 1956ರಲ್ಲಿ ಅಮೆರಿಕದ ದೂರದರ್ಶನದಲ್ಲಿ ‘ಟ್ವೆಂಟಿ ಒನ್’ ಎಂಬ ರಸಪ್ರಶ್ನೆಯ ಕಾರ್ಯಕ್ರಮ ಬಂದಿತು. ಜೆರಿಟಾಲ್ ಎಂಬ ಟಾನಿಕ್ಕಿನ ತಯಾರಕರು ಅದರ ಪ್ರಾಯೋಜಕರು. ಮೊದಲ ಸಂಚಿಕೆ ನೀರಸವಾಯಿತೆಂದು ಪ್ರಾಯೋಜಕರು ಅಸಮಾಧಾನಪಟ್ಟ ಮೇಲೆ, ನಿರ್ಮಾಪಕರು ಸ್ಪರ್ಧಿಗಳಿಗೆ ಮೊದಲೇ ಉತ್ತರಗಳನ್ನು ಕಲಿಸಿ, ಯಾರು ಗೆಲ್ಲಬೇಕು, ಯಾರು ಸೋಲಬೇಕು ಎಂಬುದನ್ನು ತಾವೇ ಗೊತ್ತುಮಾಡತೊಡಗಿದರು. ಚಾರ್ಲ್ಸ್ ವ್ಯಾನ್ ಡೋರನ್ ಎಂಬ ಕೊಲಂಬಿಯಾ ವಿಶ್ವವಿದ್ಯಾಲಯದ ತರುಣ ಅಧ್ಯಾಪಕರು ಹೀಗೆ ಗೆದ್ದು ದೇಶದ ಕಣ್ಮಣಿಯಾದರು. 1959ರ ನವೆಂಬರಿನಲ್ಲಿ ಸಂಸತ್ತಿನ ಸಮಿತಿಯ ಮುಂದೆ ನಿಜವನ್ನು ಒಪ್ಪಿಕೊಂಡು ತಮ್ಮ ಉದ್ಯೋಗವನ್ನು ಕಳೆದುಕೊಂಡರು. ಇಂಥ ಮೋಸದ ಸ್ಪರ್ಧೆಗಳನ್ನು 1960ರಲ್ಲಿ ಕಾನೂನು ನಿಷೇಧಿಸಿತು.

ಅಂತರ್ಜಾಲದಲ್ಲಿಯೂ ಇದೇ ಕಥೆ ಮರುಕಳಿಸಿತು. 2006ನೆಯ ಇಸವಿಯೊಂದರಲ್ಲಿಯೇ ಎರಡು ಮಾದರಿಗಳು ಅಕ್ಕಪಕ್ಕದಲ್ಲಿ ಸಿಗುತ್ತವೆ. ಅಮೆರಿಕದ ಯೂಟಾ ಪ್ರಾಂತ್ಯದ ಬ್ಲೆಂಡ್‌ಟೆಕ್ ಎಂಬ ಮಿಕ್ಸರ್ ತಯಾರಕರು, ಐವತ್ತು ಡಾಲರುಗಳಷ್ಟು ಅಲ್ಪ ಖರ್ಚಿನಲ್ಲಿ, ಗೋಲಿಗಳನ್ನೂ ಕುಂಟೆಯ ಹಿಡಿಯನ್ನೂ ತಮ್ಮ ಯಂತ್ರದಲ್ಲಿ ಪುಡಿಮಾಡುವ ವಿಡಿಯೊಗಳನ್ನು ಯೂಟ್ಯೂಬಿಗೆ ಹಾಕಿದರು. ಮಾಲೀಕರಾದ ಟಾಮ್ ಡಿಕ್ಸನ್ನರೇ ಬಿಳಿ ಕೋಟು ತೊಟ್ಟು ಎದುರಿಗೆ ನಿಂತರು. ಲಕ್ಷಾಂತರ ಜನ ನೋಡಿದರು. ಮಾರಾಟ ಹಲವು ಪಟ್ಟು ಹೆಚ್ಚಿತು. ಬಳಕೆಗೆ ಬರುವ ವಸ್ತುವನ್ನು ಸುಮ್ಮನೆ ಹಾಳುಮಾಡುವುದು ಅನರ್ಥದಂಡವೆಂದು ತಿಳಿದವರಿಗೆ ಆ ಚಿತ್ರಗಳು ರುಚಿಸಲಾರವು. ಆದರೂ ಯಂತ್ರ ಯಾರದು, ಹೇಳುವವರು ಯಾರು ಎಂಬುದರಲ್ಲಿ ಮುಚ್ಚುಮರೆಯಿರಲಿಲ್ಲ.

ಅದೇ ವರ್ಷ ಒಂದು ಜೋಡಿ ವಾಹನದಲ್ಲಿ ಅಮೆರಿಕವನ್ನು ಸುತ್ತುತ್ತ, ರಾತ್ರಿ ವಾಲ್‌ಮಾರ್ಟ್ ಮಳಿಗೆಗಳ ಅಂಗಳದಲ್ಲಿ ತಂಗುತ್ತ, ಅಲ್ಲಿಯ ನೌಕರರ ಸುಖಸಂತೋಷದ ಕಥೆಗಳನ್ನು ಅಂತರ್ಜಾಲದಲ್ಲಿ ಬರೆಯುತ್ತಿತ್ತು. ವಾಲ್‌ಮಾರ್ಟಿನ ಬೆಂಬಲವಿದ್ದ ಸಂಘಟನೆಯೊಂದು ಆ ಪ್ರವಾಸದ ಖರ್ಚನ್ನು ಕೊಡುತ್ತಿತ್ತೆಂಬುದು ಅಕ್ಟೋಬರಿನಲ್ಲಿ ಬಯಲಾಯಿತು. ಪ್ರಚಾರದ ಹೊಣೆ ಹೊತ್ತಿದ್ದ ಎಡೆಲ್‌ಮನ್ ಸಂಸ್ಥೆಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಬರೆದದ್ದರಲ್ಲಿ ಎಷ್ಟೋ ನಿಜವಿದ್ದಿರಬಹುದು. ಆದರೆ ಹಣ ಕೊಟ್ಟವರ ಹೆಸರು ಅಡಗಿದ್ದ ಕಾರಣ, ನಿಜವೂ ಸುಳ್ಳಿನ ಪಂಕ್ತಿಯಲ್ಲಿ ಕುಳಿತಿತು.

ಕಾನೂನು ಮತ್ತು ವ್ರತ

ನಮ್ಮ ದೇಶದ ಕಾನೂನು ಈಗ ಇದೇ ಗೆರೆಯನ್ನು ಎಳೆದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಗಳವರೆಗೆ, ಮರಳಿ ಮಾಡಿದರೆ ಐವತ್ತು ಲಕ್ಷದವರೆಗೆ ದಂಡ ವಿಧಿಸಬಹುದು. ಹಣವನ್ನೋ ಉಚಿತ ವಸ್ತುವನ್ನೋ ಪಡೆದು ಸಾಮಾಜಿಕ ಜಾಲತಾಣಗಳಲ್ಲಿ ಸರಕನ್ನು ಹೊಗಳುವವರು ಅದನ್ನು ಸ್ಪಷ್ಟವಾಗಿ ಹೇಳಬೇಕೆಂದು ಜಾಹೀರಾತು ಮಾನಕ ಮಂಡಳಿಯು 2021ರಲ್ಲಿ, ಕೇಂದ್ರ ಸರ್ಕಾರವು 2023ರ ಜನವರಿಯಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿದುವು. ಗ್ರಾಹಕರ ಅಭಿಪ್ರಾಯಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುವ ಬಗೆಗೆ 2022ರಲ್ಲಿ ಭಾರತೀಯ ಮಾನಕವೂ ಬಂದಿದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಸೇರಿವೆ. ಮೊದಲನೆಯದು ಸುಳ್ಳು ಬರಹ. ಎರಡನೆಯದು ಅಸಲಿನ ಹೆಸರಿನಲ್ಲಿ ನಕಲಿಯನ್ನು ಕೊಡುವುದು. ಅಂಗಡಿಯ ನೌಕರರಿಂದಲೇ ಗಿರಾಕಿಗಳ ಹೆಸರಿನಲ್ಲಿ ಹೊಗಳಿಕೆ ಬರೆಯಿಸಿ ಐದು ನಕ್ಷತ್ರ ಹಾಕಿಸಿಕೊಳ್ಳುವುದು ಕೂಟಲೇಖವಲ್ಲದೆ ಮತ್ತೇನು? ಪ್ರತಿಸ್ಪರ್ಧಿಯ ಅಂಗಡಿಗೆ ಒಂದು ನಕ್ಷತ್ರ ಹಾಕಿಸುವುದಂತೂ ಇನ್ನೂ ಹೀನವಾದದ್ದು. ದಂಡದ ಭಯದಿಂದ ಬಿಡುವವನು ಕಾನೂನಿನ ಕಣ್ಣು ತಪ್ಪಿದಾಗ ಮತ್ತೆ ಮಾಡುತ್ತಾನೆ. ವ್ರತವೆಂದು ಬಿಟ್ಟವನಿಗೆ ಕಾವಲು ಬೇಕಿಲ್ಲ.

ಲೆಕ್ಕಕ್ಕೆ ಬಾರದ ಆಸ್ತಿ

ವಾಣಿಜ್ಯಶಾಸ್ತ್ರದಲ್ಲಿ ಗುಡ್‌ವಿಲ್ ಎಂಬ ಆಸ್ತಿಯಿದೆ. ಬೇರೊಬ್ಬರ ವ್ಯಾಪಾರವನ್ನು ಕೊಂಡಾಗ ಅದರ ಹೆಸರಿಗಾಗಿ ಕೊಟ್ಟ ಹೆಚ್ಚಿನ ಹಣವನ್ನು ಆಸ್ತಿಪಟ್ಟಿಯಲ್ಲಿ ತೋರಿಸಬಹುದು. ಆದರೆ ತಾನೇ ದುಡಿದು ಗಳಿಸಿದ ಹೆಸರನ್ನು ಹಾಗೆ ತೋರಿಸಲು ಲೆಕ್ಕದ ನಿಯಮ ಒಪ್ಪುವುದಿಲ್ಲ. ಅಜ್ಜ ತೂಕದಲ್ಲಿ ತಪ್ಪಲಿಲ್ಲ, ತಂದೆ ಮಾತಿಗೆ ತಪ್ಪಲಿಲ್ಲ ಎಂಬ ಆಸ್ತಿ ಖಾತೆ ಪುಸ್ತಕದ ಯಾವ ಪುಟದಲ್ಲಿಯೂ ಇಲ್ಲ. ಖಾತೆಯಲ್ಲಿ ಕಾಣದ ಕಾರಣ ಅದರ ಸವಕಳಿಯೂ ಕಾಣುವುದಿಲ್ಲ. ಮೊಬೈಲಿನಲ್ಲಿ ಒಂದು ಸುಳ್ಳು ವಿಡಿಯೊ ಹಾಕಿದ ದಿನ ಮಾರಾಟ ಹೆಚ್ಚಿದ್ದು ಕಿರ್ದಿಯಲ್ಲಿ ಬರುತ್ತದೆ. ಮೂರು ತಲೆಮಾರಿನ ಹೆಸರಿನಲ್ಲಿ ಅಂದು ಖರ್ಚಾದದ್ದು ಬರುವುದಿಲ್ಲ.

ಆದುದರಿಂದ ಮನೆಯ ಕಿರಿಯರನ್ನು ಈ ಹೊಸ ಸಾಧನದಿಂದ ದೂರವಿಡಬೇಕೆಂದು ನಾನು ಹೇಳುವುದಿಲ್ಲ. ಅವರು ಧಾರಾಳವಾಗಿ ಬರೆಯಲಿ, ಹಾಡಲಿ, ಚಿತ್ರ ತೆಗೆಯಲಿ. ಹಿರಿಯರು ಮೂರು ಪ್ರಶ್ನೆಗಳನ್ನು ಮಾತ್ರ ಕೇಳಲಿ. ನಮ್ಮ ಮಾಲನ್ನು ಕೊಳ್ಳದವನಿಗೂ ಇದರಿಂದ ಏನಾದರೂ ಪ್ರಯೋಜನವುಂಟೇ? ಹೇಳಿದ್ದೆಲ್ಲ ನಿಜವೇ? ಹೇಳುತ್ತಿರುವವರು ನಾವು ಎಂಬುದು ನೋಡುವವರಿಗೆ ತಿಳಿಯುತ್ತದೆಯೇ?

ಬಸದಿಗಳ ಟ್ರಸ್ಟಿನವರಿಗೂ ಇದು ಅನ್ವಯಿಸುತ್ತದೆ. ಕ್ಷೇತ್ರದ ಇತಿಹಾಸವನ್ನೋ ಉತ್ಸವದ ನೇರಪ್ರಸಾರವನ್ನೋ ಒಬ್ಬ ವ್ಯಾಪಾರಿಯ ಹಣದಿಂದ ಸಿದ್ಧಪಡಿಸಿದರೆ ತಪ್ಪೇನೂ ಇಲ್ಲ. ಆದರೆ ಆ ಹೆಸರನ್ನು ಮೊದಲಲ್ಲಿಯೇ ಹೇಳಬೇಕು. ಇತಿಹಾಸದ ಸಂಗತಿಗಳನ್ನು ಬಲ್ಲವರಿಂದ ತಿದ್ದಿಸಬೇಕು. ಹಣ ಕೊಟ್ಟವರ ಸರಕಿಗೆ ಕ್ಷೇತ್ರದ ಮುದ್ರೆ ಬೀಳದಂತೆ ನೋಡಿಕೊಳ್ಳಬೇಕು. ನಮ್ಮ ನಾಡಿನ ದಾನಶಾಸನಗಳಲ್ಲಿ ಕೊಟ್ಟವರು ಯಾರು, ಕೊಟ್ಟದ್ದು ಏನು, ಯಾವ ಬಸದಿಗೆ, ಭೂಮಿಯ ಎಲ್ಲೆ ಯಾವುದು ಎಂಬುದನ್ನು ಕಲ್ಲಿನಲ್ಲಿ ಕೊರೆಯಿಸುತ್ತಿದ್ದರು. ಓದಬಲ್ಲವರೆಲ್ಲರೂ ಓದಲಿ ಎಂದು ಅದನ್ನು ಬಯಲಿನಲ್ಲಿ ನಿಲ್ಲಿಸುತ್ತಿದ್ದರು. ಕಲ್ಲಿನ ಜಾಗದಲ್ಲಿ ಗಾಜಿನ ಪರದೆ ಬಂದಿದೆ. ಬರೆಯುವ ಕ್ರಮ ಅದೇ ಇರಲಿ.