ಮನೆಯ ಕೊಳಾಯಿ ನಿರ್ವಹಣೆ ಮತ್ತು ನೀರಿನ ಉಳಿತಾಯ

ಮನೆಯ ಕೊಳಾಯಿ ನಿರ್ವಹಣೆ ಎಂದರೆ ಮನೆಯೊಳಗಿನ ನಲ್ಲಿ, ಕೊಳವೆ, ಕವಾಟ, ನೀರಿನ ತೊಟ್ಟಿ ಮತ್ತು ಶೌಚಾಲಯದ ಉಪಕರಣಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿ, ಸೋರಿಕೆಯನ್ನು ಸರಿಪಡಿಸುವ ಕಾರ್ಯ. ಇದರಿಂದ ನೀರು ಉಳಿಯುವುದಲ್ಲದೆ ಕುಡಿಯುವ ನೀರು ಕಲುಷಿತವಾಗುವ ಸಾಧ್ಯತೆಯೂ ಕಡಿಮೆಯಾಗುತ್ತದೆ. ಈ ಲೇಖನವು ಬಾಗಲಕೋಟೆ ಜಿಲ್ಲೆಯ ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಪ್ರದೇಶದ ಸಂದರ್ಭದಲ್ಲಿ ಈ ವಿಷಯವನ್ನು ವಿವರಿಸುತ್ತದೆ.

ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯು 1997ರಲ್ಲಿ ಅಂದಿನ ಬಿಜಾಪುರ ಜಿಲ್ಲೆಯಿಂದ ಪ್ರತ್ಯೇಕಗೊಂಡಿತು. ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳು ಜಿಲ್ಲೆಯಲ್ಲಿ ಹರಿಯುತ್ತವೆ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಬಾಗಲಕೋಟೆಯ ಹಳೆಯ ಪಟ್ಟಣದ ಒಂದು ಭಾಗ ಮುಳುಗಡೆಯಾಗಿ, ನಿವಾಸಿಗಳಿಗಾಗಿ ನವನಗರವನ್ನು ನಿರ್ಮಿಸಲಾಯಿತು. ಹೀಗಿದ್ದರೂ ಈ ಭಾಗ ಅರೆ ಶುಷ್ಕ ವಲಯಕ್ಕೆ ಸೇರಿದೆ. ಮಳೆಯ ಪ್ರಮಾಣ ಕಡಿಮೆ, ಬೇಸಿಗೆ ತೀವ್ರ. ಆದ್ದರಿಂದ ನದಿಯಿಂದ ಎತ್ತಿ, ಶುದ್ಧೀಕರಿಸಿ, ವಿದ್ಯುತ್ ವ್ಯಯಿಸಿ ಮನೆಗೆ ತಲುಪಿಸಿದ ನೀರು ಸೋರಿಹೋದರೆ ಅಷ್ಟೂ ಶ್ರಮ ಮತ್ತು ವೆಚ್ಚ ವ್ಯರ್ಥವಾಗುತ್ತದೆ.

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಗ್ರಾಮೀಣ ಪ್ರದೇಶದ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರಿನ ಪೂರೈಕೆಯನ್ನು ಮಾನದಂಡವಾಗಿ ಇರಿಸಿಕೊಂಡಿದೆ. ಸೋರಿಕೆಯ ಪ್ರಮಾಣವನ್ನು ಈ ಸಂಖ್ಯೆಯೊಂದಿಗೆ ಹೋಲಿಸಿದಾಗ ಅದರ ಗಂಭೀರತೆ ಸ್ಪಷ್ಟವಾಗುತ್ತದೆ.

ಸೋರಿಕೆಯ ಸ್ಥಾನಗಳು

ನಲ್ಲಿ: ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಇದಕ್ಕೆ ನಳ ಎನ್ನುತ್ತಾರೆ. ತಿರುಪಿನ ನಲ್ಲಿಯಲ್ಲಿ ರಬ್ಬರ್ ವಾಷರ್ ಸವೆದಾಗ ನೀರು ತೊಟ್ಟಿಕ್ಕುತ್ತದೆ. ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ಸುಣ್ಣದ ಬಿಳಿ ಪದರ ಕಟ್ಟಿಕೊಂಡು, ವಾಷರ್ ಸರಿಯಾಗಿ ಕೂರದೆ ಸೋರಿಕೆ ಮರುಕಳಿಸುತ್ತದೆ.

ತೊಟ್ಟಿಯ ತೇಲುಗುಂಡಿನ ಕವಾಟ: ಇದು ಕೆಟ್ಟರೆ ತೊಟ್ಟಿ ತುಂಬಿದ ನಂತರವೂ ನೀರು ಒಳಬರುತ್ತಲೇ ಇರುತ್ತದೆ. ಪಂಪಿನಿಂದ ನೀರೇರಿಸುವ ಮನೆಗಳಲ್ಲಿಯೂ ಇದೇ ನಷ್ಟ ಸಂಭವಿಸುತ್ತದೆ. ನಿಮಿಷಕ್ಕೆ 20 ಲೀಟರ್ ಏರಿಸುವ ಪಂಪು ತೊಟ್ಟಿ ತುಂಬಿದ ಮೇಲೆ 10 ನಿಮಿಷ ನಡೆದರೆ 200 ಲೀಟರ್ ಹೊರಚೆಲ್ಲುತ್ತದೆ. ಮೇಲಿನ ಮಾನದಂಡದಂತೆ ಇದು ನಾಲ್ವರ ಕುಟುಂಬದ ಒಂದು ದಿನದ ನೀರಿಗೆ ಸಮೀಪ.

ಶೌಚಾಲಯದ ಫ್ಲಶ್ ತೊಟ್ಟಿ: ಇದರ ತಳದ ರಬ್ಬರ್ ಮುಚ್ಚಳ ಸವೆದರೆ ನೀರು ಸದ್ದಿಲ್ಲದೆ ಜಾರಿಹೋಗುತ್ತದೆ. ಕಣ್ಣಿಗೆ ಬೀಳದ ಕಾರಣ ಇದು ಬಹುಕಾಲ ಗಮನಕ್ಕೆ ಬರುವುದಿಲ್ಲ.

ಕೊಳವೆ ಮತ್ತು ಕೀಲುಗಳು: ಹಳೆಯ ಕಬ್ಬಿಣದ ಕೊಳವೆಗಳು ತುಕ್ಕು ಹಿಡಿಯುತ್ತವೆ. ಮಾಳಿಗೆಯ ಮೇಲೆ ಬಿಸಿಲಿಗೆ ತೆರೆದಿಟ್ಟ ಪಿವಿಸಿ ಕೊಳವೆಗಳು ಕ್ರಮೇಣ ಪೆಡಸಾಗಿ ಬಿರುಕು ಬಿಡುತ್ತವೆ. ಮಣ್ಣಿನ ಮಾಳಿಗೆಯ ಹಳೆಯ ಮನೆಗಳಲ್ಲಿ ಸೋರಿಕೆಯು ಗೋಡೆಯನ್ನೇ ದುರ್ಬಲಗೊಳಿಸುತ್ತದೆ. ಇಳಕಲ್ ಸೀರೆ ನೇಯುವ ಮನೆಗಳಲ್ಲಿ ಗುಂಡಿಮಗ್ಗವಿದ್ದರೆ, ನೆಲದಡಿಯ ಸೋರಿಕೆಯಿಂದ ಮಗ್ಗದ ಗುಂಡಿಗೆ ತೇವ ತಗಲಬಹುದು.

ಆರೋಗ್ಯದ ಮೇಲಿನ ಪರಿಣಾಮ

ನಿಗದಿತ ವೇಳೆಯಲ್ಲಿ ಮಾತ್ರ ನೀರು ಬಿಡುವ ಬಡಾವಣೆಗಳಲ್ಲಿ ಸೋರಿಕೆಯು ಕೇವಲ ನಷ್ಟದ ಪ್ರಶ್ನೆಯಲ್ಲ. ನೀರು ಬಿಟ್ಟಾಗ ಬಿರುಕಿನಿಂದ ಹೊರಗೆ ಸೋರುತ್ತದೆ. ನಿಲ್ಲಿಸಿದಾಗ ಕೊಳವೆಯೊಳಗಿನ ಒತ್ತಡ ಕುಸಿದು, ಅದೇ ಬಿರುಕಿನಿಂದ ಸುತ್ತಲಿನ ಕೊಳಚೆ ಒಳಸೇರುತ್ತದೆ. ಮನೆಯ ಸಂಪರ್ಕದ ಕೊಳವೆ ಚರಂಡಿಯೊಳಗಿಂದ ಹಾದುಹೋಗಿದ್ದರೆ ಅಪಾಯ ಇನ್ನೂ ಹೆಚ್ಚು. ವಾಂತಿಭೇದಿ, ಟೈಫಾಯಿಡ್ ಮತ್ತು ಕಾಮಾಲೆ ಹೀಗೆ ಹರಡಬಲ್ಲ ರೋಗಗಳು. ಬೀದಿಯ ಕೊಳವೆಗೆ ನೇರವಾಗಿ ಪಂಪು ಜೋಡಿಸಿ ನೀರೆಳೆಯುವುದು ಈ ಹೀರುವಿಕೆಯನ್ನು ತೀವ್ರಗೊಳಿಸುತ್ತದೆ.

ಪತ್ತೆಹಚ್ಚುವ ವಿಧಾನಗಳು

- ತೊಟ್ಟಿಕ್ಕುವ ನಲ್ಲಿಯ ಕೆಳಗೆ ಅಳತೆಯ ಪಾತ್ರೆಯನ್ನು 10 ನಿಮಿಷ ಇಡುವುದು. 100 ಮಿಲಿಲೀಟರ್ ಸಂಗ್ರಹವಾದರೆ ದಿನಕ್ಕೆ 14.4 ಲೀಟರ್, ವರ್ಷಕ್ಕೆ 5,256 ಲೀಟರ್ ನಷ್ಟವಾಗುತ್ತದೆ. ದಿನದ ಈ ನಷ್ಟ 55 ಲೀಟರಿನ ಕಾಲು ಭಾಗಕ್ಕಿಂತ ಹೆಚ್ಚು.
- ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ, ತೊಟ್ಟಿಯ ನೀರಿನ ಮಟ್ಟವನ್ನು ಗುರುತಿಸಿ, ಬೆಳಿಗ್ಗೆ ಹೋಲಿಸುವುದು. ಮಟ್ಟ ಇಳಿದಿದ್ದರೆ ಎಲ್ಲೋ ಸೋರಿಕೆಯಿದೆ.
- ಮೀಟರ್ ಇರುವ ಮನೆಗಳಲ್ಲಿ ನೀರು ಬರುವ ವೇಳೆ ಎಲ್ಲ ಬಳಕೆಯನ್ನು ನಿಲ್ಲಿಸಿ, ತೊಟ್ಟಿಗೆ ಹೋಗುವ ಕವಾಟವನ್ನೂ ಮುಚ್ಚಿ ಮೀಟರ್ ಗಮನಿಸುವುದು. ಅದು ಆಗಲೂ ತಿರುಗುತ್ತಿದ್ದರೆ ಸೋರಿಕೆಯಿದೆ.
- ಫ್ಲಶ್ ತೊಟ್ಟಿಗೆ ಅಡುಗೆಯ ಬಣ್ಣವನ್ನು ಹಾಕಿ 15 ನಿಮಿಷ ಕಾಯುವುದು. ಫ್ಲಶ್ ಮಾಡದೆಯೇ ಬಣ್ಣ ಕೆಳಗೆ ಕಂಡರೆ ಮುಚ್ಚಳ ಬದಲಿಸಬೇಕು.

ನಿರ್ವಹಣಾ ಕ್ರಮಗಳು

ದುರಸ್ತಿಗೆ ಮೊದಲು ಮುಖ್ಯ ಕವಾಟವನ್ನು ಮುಚ್ಚಬೇಕು. ತಿರುಪಿನ ನಲ್ಲಿಯ ಸೋರಿಕೆಗೆ ಸಾಮಾನ್ಯವಾಗಿ ವಾಷರ್ ಬದಲಾವಣೆ ಸಾಕಾಗುತ್ತದೆ. ತಿರುಪಿನ ಕೀಲುಗಳಿಗೆ ಟೆಫ್ಲಾನ್ ಟೇಪ್ ಸುತ್ತಲಾಗುತ್ತದೆ. ಸುಣ್ಣದ ಪದರವನ್ನು ಹುಣಸೆ ಅಥವಾ ನಿಂಬೆಯ ಹುಳಿಯಿಂದ ಕರಗಿಸಬಹುದು. ಬಿಸಿಲಿಗೆ ಒಡ್ಡಿಕೊಂಡ ಕೊಳವೆಗಳಿಗೆ ಬಣ್ಣ ಅಥವಾ ಹೊದಿಕೆ ಅಗತ್ಯ. ನೆಲದಡಿಯ ಮತ್ತು ಗೋಡೆಯೊಳಗಿನ ಸೋರಿಕೆಗೆ ನುರಿತ ಪ್ಲಂಬರ್‌ನ ನೆರವು ಬೇಕು.

ನೀರು ಬರುವ ವೇಳೆ ಅನಿಶ್ಚಿತವಾದಾಗ ನಲ್ಲಿಯನ್ನು ತೆರೆದಿಟ್ಟು ಹೋಗುವ ರೂಢಿಯಿದೆ. ತೊಟ್ಟಿಗೆ ಸುಸ್ಥಿತಿಯ ತೇಲುಗುಂಡಿನ ಕವಾಟವಿದ್ದರೆ ಇದರಿಂದಾಗುವ ಪೋಲು ತಪ್ಪುತ್ತದೆ. ನಲ್ಲಿಯ ತುದಿಗೆ ಜೋಡಿಸುವ ಏರೇಟರ್ ನೀರಿಗೆ ಗಾಳಿ ಬೆರೆಸಿ ಹರಿವನ್ನು ತಗ್ಗಿಸುತ್ತದೆ. ಗಡಸು ನೀರಿನಲ್ಲಿ ಅದರ ಜಾಲರಿಯನ್ನು ಆಗಾಗ್ಗೆ ತೊಳೆಯಬೇಕಾಗುತ್ತದೆ.

ಮಾನದಂಡಗಳು ಮತ್ತು ನಿಯಮಗಳು

ಭಾರತೀಯ ಮಾನಕ ಬ್ಯೂರೋ ತಿರುಪಿನ ನಲ್ಲಿಗಳಿಗೆ ಐಎಸ್ 781, ತೇಲುಗುಂಡಿನ ಕವಾಟಗಳಿಗೆ ಐಎಸ್ 1703 ಮತ್ತು ಕುಡಿಯುವ ನೀರಿನ ಯುಪಿವಿಸಿ ಕೊಳವೆಗಳಿಗೆ ಐಎಸ್ 4985 ಮಾನಕಗಳನ್ನು ನಿಗದಿಪಡಿಸಿದೆ. ಕೇಂದ್ರ ಅಂತರ್ಜಲ ಪ್ರಾಧಿಕಾರವು 2020ರ ಅಕ್ಟೋಬರ್‌ನಲ್ಲಿ ಅಂತರ್ಜಲದಿಂದ ಪಡೆದ ಕುಡಿಯುವ ನೀರನ್ನು ಪೋಲುಮಾಡುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು. 2024ರ ಬೇಸಿಗೆಯ ನೀರಿನ ಕೊರತೆಯ ವೇಳೆ ಬೆಂಗಳೂರು ಜಲಮಂಡಳಿಯು ವಾಣಿಜ್ಯ ಮತ್ತು ಸಾರ್ವಜನಿಕ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಅಳವಡಿಕೆಯನ್ನು ಕಡ್ಡಾಯಗೊಳಿಸಿತು.