ನಡುಗಚೇರಿಯಲ್ಲಿ ಹರಿದ ತಂತಿ

ಕಳೆದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬ ಗಿಟಾರು ನುಡಿಸಲು ಕುಳಿತ. ಎರಡು ನಿಮಿಷ ಚೆನ್ನಾಗಿಯೇ ನಡೆಯಿತು. ಆಮೇಲೆ 'ಟಪ್' ಎಂದೊಂದು ಸದ್ದು. ಧ್ವನಿವರ್ಧಕದಲ್ಲಿ ಅದು ಪಟಾಕಿಯಷ್ಟು ಜೋರಾಗಿ ಕೇಳಿಸಿತು. ಮೊದಲನೆಯ ತಂತಿ ಹರಿದಿತ್ತು. ವಾದ್ಯವನ್ನೆತ್ತಿಕೊಂಡು ಪರದೆಯ ಹಿಂದಕ್ಕೆ ಓಡಿದ ಹುಡುಗ ಮತ್ತೆ ಹೊರಗೆ ಬರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಅಪಶಕುನವೆಂದು ಗೊಣಗಿದರು. ಮರುದಿನ ಅವನು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತು, "ಸಾರ್, ಇನ್ನು ಮೇಲೆ ನಾನು ವೇದಿಕೆ ಹತ್ತೋದಿಲ್ಲ" ಎಂದ. ಕನ್ನಡ ಪಂಡಿತನಿಗೆ ಗಿಟಾರಿನ ವಿಷಯ ಎಷ್ಟು ಗೊತ್ತಿದ್ದೀತು? ನನಗೆ ಆ ಕ್ಷಣಕ್ಕೆ ಹೊಳೆದದ್ದು ರಾವಣನ ಕಥೆ.

ಜೈನ ಪರಂಪರೆಯಲ್ಲಿ ಬರುವ ಕಥೆ ಅದು. ಅಷ್ಟಾಪದ ಪರ್ವತದ ಮೇಲೆ ಜಿನಬಿಂಬಗಳ ಮುಂದೆ ಮಂಡೋದರಿ ನರ್ತಿಸುತ್ತಿದ್ದಾಳೆ; ರಾವಣ ವೀಣೆ ನುಡಿಸುತ್ತಿದ್ದಾನೆ. ನಡುವೆ ತಂತಿ ಹರಿಯಿತು. ಸೇವೆಗೆ ಭಂಗ ಬರಬಾರದೆಂದು ಅವನು ತನ್ನ ಮೈಯಿಂದಲೇ ಒಂದು ನರವನ್ನು ಸೆಳೆದು, ಹರಿದ ತಂತಿಯ ಜಾಗದಲ್ಲಿ ಬಿಗಿದು, ವಾದನವನ್ನು ಮುಂದುವರಿಸಿದ. ಹುಡುಗ ವಿನಯದಿಂದ ಕೇಳಿದ. ಕೊನೆಗೆ, "ಅವನ ಹತ್ತಿರ ಬಿಡಿ ತಂತಿ ಇರಲಿಲ್ಲವೇ ಸಾರ್?" ಎಂದ. ನಾನು ನಕ್ಕು ಸುಮ್ಮನಾದೆನಾದರೂ ಪ್ರಶ್ನೆ ನನ್ನನ್ನು ಬಿಡಲಿಲ್ಲ. ತಂತಿ ಹರಿಯುವುದು ವಾದಕನ ತಪ್ಪೇ, ತಂತಿಯ ಸ್ವಭಾವವೇ? ಹಿಂದಿನವರು ಏನು ಮಾಡುತ್ತಿದ್ದರು? ಸಿಕ್ಕ ಪುಸ್ತಕಗಳನ್ನು ತಿರುವಿ ಹಾಕಿದಾಗ ತಿಳಿದುಬಂದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

ರಾವಣನ ಕಥೆಯಲ್ಲಿ ಉತ್ಪ್ರೇಕ್ಷೆ ಇದ್ದೀತು. ಪ್ರಾಣಿಯ ಒಡಲಿನ ಎಳೆ ತಂತಿಯಾಗುವುದು ಮಾತ್ರ ಉತ್ಪ್ರೇಕ್ಷೆಯಲ್ಲ. ಯೂರೋಪಿನಲ್ಲಿ ಗಿಟಾರಿಗೂ ಪಿಟೀಲಿಗೂ ಅವುಗಳ ಹಿರಿಯಕ್ಕನಂಥ ಲ್ಯೂಟ್ ವಾದ್ಯಕ್ಕೂ ಶತಮಾನಗಳ ಕಾಲ ಹಾಕುತ್ತಿದ್ದುದು ಕುರಿಯ ಕರುಳಿನ ತಂತಿಯನ್ನೇ. ಇಂಗ್ಲಿಷಿನಲ್ಲಿ ಅದಕ್ಕಿರುವ ಹೆಸರು ಬೆಕ್ಕಿನ ಕರುಳೆಂದು ತೋರುವಂತಿದೆ. ಬೆಕ್ಕಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಕರುಳನ್ನು ತೊಳೆದು, ಕೆರೆದು, ಹಸಿಯಿರುವಾಗಲೇ ಹುರಿಮಾಡಿ, ಎಳೆದು ಒಣಗಿಸುವುದು ಒಂದು ದೊಡ್ಡ ಕಸುಬಾಗಿತ್ತು. ಇಟಲಿಯ ರೋಮ್, ನೇಪಲ್ಸ್ ಕಡೆಯ ತಂತಿಗಳಿಗೆ ಯೂರೋಪಿನಲ್ಲೆಲ್ಲ ಹೆಸರು. ಆದರೆ ಎಷ್ಟು ಜಾಣ ಕೈಯಿಂದ ಬಂದರೂ ಕರುಳು ಕರುಳೇ. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಗಾಳಿಯಲ್ಲಿ ತೇವ ಹೆಚ್ಚಾದರೆ ಉಬ್ಬುತ್ತದೆ, ಒಣಗಿದರೆ ಸೆಟೆಯುತ್ತದೆ. ಬೆರಳ ಬೆವರು ಬಿದ್ದಲ್ಲಿ ಎಳೆ ಬಿಟ್ಟುಕೊಳ್ಳುತ್ತದೆ.

1676ರಲ್ಲಿ ಕೇಂಬ್ರಿಜ್‌ನ ಥಾಮಸ್ ಮೇಸ್ ಎಂಬ ಸಂಗೀತಗಾರ ತನ್ನ ದೊಡ್ಡ ಗ್ರಂಥದಲ್ಲಿ ಒಂದು ಉಪಾಯ ಹೇಳಿದ್ದಾನೆ. ಲ್ಯೂಟನ್ನು ಹಗಲಲ್ಲಿ ಹಾಸಿಗೆಯ ಮೇಲೆ ಮಲಗಿಸಿ ಕಂಬಳಿ ಹೊದಿಸಬೇಕಂತೆ! ಅದೂ ದಿನವೂ ಯಾರಾದರೂ ಮಲಗುವ ಹಾಸಿಗೆಯೇ ಆಗಬೇಕು. ಆದರೆ ಒಳಗಿನ ದುಪ್ಪಟಿಗಳ ನಡುವೆ ಇಡಕೂಡದು, ಅಲ್ಲಿ ಬೆವರಿನ ತೇವವಿರುತ್ತದೆ. ಹೀಗೆ ಮಾಡಿದರೆ ತಂತಿ ಹರಿಯುವುದು ಕಡಿಮೆಯಾಗುತ್ತದೆಂದು ಅವನ ಅನುಭವ. ಲ್ಯೂಟ್ ಮಲಗಿರುವುದನ್ನು ನೋಡದೆ ಅದರ ಮೇಲೆ ದೊಪ್ಪನೆ ಬೀಳುವ ಅವಿವೇಕಿಗಳ ವಿಷಯದಲ್ಲಿಯೂ ಎಚ್ಚರಿಕೆ ಹೇಳಿದ್ದಾನೆ. ಹಾಗೆ ಹಾಳಾದ ಒಳ್ಳೆಯ ವಾದ್ಯಗಳನ್ನು ಅವನೇ ಕಂಡಿದ್ದನಂತೆ. ಓದಿದಾಗ ನಗು ಬಂದಿತು. ಆದರೆ ಮಳೆಗಾಲದಲ್ಲಿ ತಂಬೂರಿಗೆ ಗವಸು ಹೊದಿಸಿ ಮೂಲೆ ಹುಡುಕುವ ನಮ್ಮ ಮನೆಗಳೇನು ಬೇರೆ?

ತಂತಿ ಹರಿಯಲು ಬರಿಯ ತೇವವೊಂದೇ ಕಾರಣವಲ್ಲ. ಲ್ಯೂಟಿನ ಹಳೆಯ ಬೋಧಕರು ಶಿಷ್ಯರಿಗೆ ಹೇಳುತ್ತಿದ್ದ ಶ್ರುತಿಯ ಕ್ರಮವೇ ವಿಚಿತ್ರವಾದುದು: ಮೇಲಿನ ತಂತಿಯನ್ನು ಹರಿಯದೆ ತಡೆಯುವಷ್ಟು ಎತ್ತರಕ್ಕೆ ಬಿಗಿ, ಉಳಿದವನ್ನು ಅದಕ್ಕೆ ಹೊಂದಿಸು. ಎಂದರೆ ಆ ತಂತಿ ಯಾವಾಗಲೂ ಸಾವಿನ ಅಂಚಿಗೆ ಎರಡು ಮೂರು ಸ್ವರಸ್ಥಾನ ಕೆಳಗೇ ನಿಂತಿರುತ್ತಿತ್ತು. ಇದೇಕೆ? ಕಾರಣ ಮಂದ್ರದ ಕಡೆಗಿದೆ. ಬರಿಯ ಕರುಳಿನ ಮಂದ್ರ ತಂತಿ ದಪ್ಪವಾದಷ್ಟೂ ಅದರ ನಾದ ಮಂಕು. ಅದು ತೆಳ್ಳಗಿದ್ದೂ ತಗ್ಗಿನಲ್ಲಿ ನುಡಿಯಬೇಕಾದರೆ ವಾದ್ಯದ ತಂತಿಯ ಉದ್ದ ಹೆಚ್ಚಬೇಕು. ಉದ್ದ ಹೆಚ್ಚಿದರೆ ಮೇಲಿನ ತಂತಿಯ ಮೇಲೆ ಬಿಗಿ ಹೆಚ್ಚು. ಮಂದ್ರದ ಸುಖಕ್ಕಾಗಿ ತಾರದ ತಂತಿ ಉಸಿರು ಬಿಗಿಹಿಡಿಯಬೇಕಾಯಿತು.

ಹಾಗಾದರೆ ಮೇಲಿನ ತಂತಿಯನ್ನೇ ದಪ್ಪವಾಗಿ ಹಾಕಬಾರದೇ ಎಂದು ನಾನು ನಮ್ಮ ವಿಜ್ಞಾನದ ಅಧ್ಯಾಪಕರನ್ನು ಕೇಳಿದೆ. ಅವರು ಕರಿಹಲಗೆಯ ಮೇಲೆ ಬರೆದು ತೋರಿಸಿದರು. ದಪ್ಪ ಎರಡರಷ್ಟಾದರೆ ತಂತಿಯ ಬಲ ಹೆಚ್ಚುವುದು ನಿಜ. ಆದರೆ ಅದರ ತೂಕವೂ ಅಷ್ಟೇ ಪಟ್ಟು ಹೆಚ್ಚಿ, ಅದೇ ಸ್ವರಕ್ಕೆ ಏರಿಸಲು ಬಿಗಿಯೂ ಅಷ್ಟೇ ಪಟ್ಟು ಬೇಕಾಗುತ್ತದೆ. ಲೆಕ್ಕ ಸರಿಹೋಯಿತು! ಒಂದೇ ಉದ್ದದ, ಒಂದೇ ಪದಾರ್ಥದ ತಂತಿ ದಪ್ಪವಿರಲಿ ತೆಳುವಿರಲಿ ಸುಮಾರು ಒಂದೇ ಸ್ವರದಲ್ಲಿ ಹರಿಯುತ್ತದೆ. ಈ ಲೆಕ್ಕದ ಬೇರು ಲ್ಯೂಟ್ ವಾದಕನೊಬ್ಬನ ಮನೆಯಲ್ಲೇ ಇದೆ. ಗೆಲಿಲಿಯೋನ ತಂದೆ ವಿನ್ಚೆನ್ಸೊ ಗೆಲಿಲಿ ತಂತಿಗೆ ತೂಕ ಕಟ್ಟಿ ಪರೀಕ್ಷೆ ಮಾಡಿ, ಸ್ವರ ಒಂದು ಸ್ಥಾಯಿ ಏರಬೇಕಾದರೆ ತೂಕ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬೇಕೆಂದು 1589ರಲ್ಲಿ ಪ್ರಕಟಿಸಿದ. 1636ರಲ್ಲಿ ಫ್ರಾನ್ಸಿನ ಮರ್ಸೆನ್ ಎಂಬ ಪಾದ್ರಿ ಈ ನಿಯಮಗಳನ್ನೆಲ್ಲ ಒಟ್ಟುಗೂಡಿಸಿ ಬರೆದ. ನಮ್ಮ ಹುಡುಗನ ತಂತಿ ಹರಿದದ್ದು ಅಪಶಕುನವೋ ಅಲ್ಲವೋ ಎಂಬ ವಾದ ನನ್ನ ಮಟ್ಟಿಗೆ ಆ ಕರಿಹಲಗೆಯ ಮೇಲೆಯೇ ಮುಗಿಯಿತು.

ಇನ್ನು ಗಿಟಾರಿನ ಕಡೆಗೆ ಬರೋಣ. ಹಳೆಯ ಗಿಟಾರಿಗೆ ಇದ್ದದ್ದು ಬಹುಮಟ್ಟಿಗೆ ಜೋಡಿ ತಂತಿ, ಐದು ಜೋಡಿ. ಜೋಡಿಯಲ್ಲಿ ಒಂದು ಹೋದರೂ ಇನ್ನೊಂದು ಕೈಹಿಡಿಯುತ್ತಿತ್ತು. 1800ರ ಹೊತ್ತಿಗೆ ಜೋಡಿ ಹೋಗಿ ಆರು ಒಂಟಿ ತಂತಿಗಳ ಗಿಟಾರು ಬಂದಿತು. ಮೇಲಿನ ಮೂರು ಕರುಳು. ಕೆಳಗಿನ ಮೂರು ರೇಷ್ಮೆಯ ಎಳೆಗೆ ಲೋಹದ ಸಣ್ಣ ಸರಿಗೆ ಸುತ್ತಿದವು. 1806ರಲ್ಲಿ ವಿಯೆನ್ನಾಗೆ ಬಂದು ಮನೆಮಾತಾದ ಮೌರೊ ಜೂಲಿಯಾನಿ, ಪ್ಯಾರಿಸಿನಲ್ಲಿ ನೆಲೆಸಿದ ಬಾರ್ಸೆಲೋನದ ಫರ್ನಾಂಡೊ ಸೋರ್ ನುಡಿಸಿದ್ದು ಇಂಥ ವಾದ್ಯವನ್ನು. ನಾದ ತಿಳಿಯಾಯಿತು, ಬೆರಳಿಗೆ ಬಿಡುವು ಸಿಕ್ಕಿತು. ಆದರೆ ತಂತಿ ಹರಿದರೆ ಆಸರೆ ಇಲ್ಲ. ಆ ಸ್ವರವೇ ಬಾಯಿ ಮುಚ್ಚಿತು.

ಇಲ್ಲಿ ಪಗನೀನಿಯ ಮಾತು ಬಾರದೆ ಇರದು. ಪಿಟೀಲಿನ ಈ ಮಾಂತ್ರಿಕ (1782–1840) ಗಿಟಾರನ್ನೂ ಚೆನ್ನಾಗಿ ಬಲ್ಲವನು. ಗಿಟಾರಿಗಾಗಿ ಬಹಳಷ್ಟು ರಚನೆಗಳನ್ನು ಮಾಡಿದ್ದಾನೆ. ಕಚೇರಿಯ ನಡುವೆ ಅವನ ತಂತಿಗಳು ಒಂದೊಂದಾಗಿ ಹರಿದು ಕೊನೆಗೆ ಒಂದೇ ಉಳಿಯಿತೆಂದೂ, ಆ ಒಂದರಲ್ಲೇ ಅವನು ಕೃತಿಯನ್ನು ಮುಗಿಸಿ ಸಭೆಯನ್ನು ಬೆರಗುಗೊಳಿಸಿದನೆಂದೂ ಕಥೆ ಇದೆ. ಬೇಕೆಂದೇ ತಂತಿಯನ್ನು ಮೊದಲೇ ಸವೆಯಿಸಿಟ್ಟುಕೊಂಡು ಬರುತ್ತಿದ್ದನೆಂದು ಇನ್ನೊಂದು ಕಥೆ. ಇವು ಭಾಷಣಕಾರರಿಗೆ ಪ್ರಿಯವಾದ ಕಥೆಗಳು; ನಾನೂ ತರಗತಿಯಲ್ಲಿ ಹೇಳಿದ್ದುಂಟು. ಈಗ ಹೇಳುವುದಿಲ್ಲ. ಏಕೆಂದರೆ ನಿಜ ಸಂಗತಿ ಬೇರೆ, ಅದೇ ಹೆಚ್ಚು ಸ್ವಾರಸ್ಯವಾದದ್ದು. ನೆಪೋಲಿಯನ್ನನ ತಂಗಿ ಎಲೀಸಾ ಲುಕ್ಕಾ ಸಂಸ್ಥಾನವನ್ನು ಆಳುತ್ತಿದ್ದಾಗ ಪಗನೀನಿ ಅಲ್ಲಿ ಆಸ್ಥಾನ ವಿದ್ವಾಂಸ. ಅವನೇ ಮುಂದೆ ತನ್ನ ಚರಿತ್ರಕಾರನಿಗೆ ಹೇಳಿದಂತೆ, ಪಿಟೀಲಿನಿಂದ ನಡುವಿನ ಎರಡು ತಂತಿಗಳನ್ನು ತೆಗೆದುಹಾಕಿ, ಮೇಲಿನದು ಹೆಣ್ಣು, ಕೆಳಗಿನದು ಗಂಡು ಎಂದು ಇಬ್ಬರು ಪ್ರೇಮಿಗಳ ಸಂವಾದವನ್ನು ರಚಿಸಿ ನುಡಿಸಿದ. ಎರಡರಲ್ಲಿ ಇಷ್ಟು ಮಾಡಿದವನಿಗೆ ಒಂದು ಸಾಲದೇ ಎಂದು ರಾಣಿ ಕೇಳಿದಳು. ಅವನು ನಾಲ್ಕನೆಯ ತಂತಿಯೊಂದಕ್ಕೇ ಒಂದು ಕೃತಿ ಕಟ್ಟಿ ಅದಕ್ಕೆ ಅವಳ ಅಣ್ಣನ ಹೆಸರಿಟ್ಟ. ಮುಂದೆಯೂ ಆ ಒಂದು ತಂತಿಗೆಂದೇ ಕೆಲವು ರಚನೆಗಳನ್ನು ಮಾಡಿದ. ತಂತಿ ಹರಿದು ಉಳಿದದ್ದಲ್ಲ. ಕೂತು, ಯೋಚಿಸಿ, ಅಭ್ಯಾಸ ಮಾಡಿ ಆರಿಸಿಕೊಂಡದ್ದು. ಜನಕ್ಕೆ ಅಭ್ಯಾಸದ ಕಥೆ ರುಚಿಸುವುದಿಲ್ಲ, ಪವಾಡದ ಕಥೆ ರುಚಿಸುತ್ತದೆ.

ಮೈಸೂರಿನ ವೀಣೆ ಶೇಷಣ್ಣನವರು ಹುಟ್ಟಿದ 1852ರಲ್ಲಿಯೇ ಸ್ಪೇನಿನಲ್ಲಿ ಫ್ರಾನ್ಸಿಸ್ಕೊ ತಾರೆಗ ಹುಟ್ಟಿದ. ನಮ್ಮ ವೈಣಿಕರ ಬೆರಳಡಿಯಲ್ಲಿ ಉಕ್ಕು ಹಿತ್ತಾಳೆಯ ತಂತಿಗಳು. ಇಂದಿನ ಗಿಟಾರು ವಾದನಕ್ಕೆ ದಾರಿ ಹಾಕಿದ ತಾರೆಗನಿಗೆ ಇನ್ನೂ ಕರುಳೇ. ಅವನ ನಂತರ ಬಂದ ಆಂದ್ರೆಸ್ ಸೆಗೋವಿಯ (1893–1987) ಗಿಟಾರನ್ನು ಮನೆಯ ಹಜಾರದಿಂದ ದೊಡ್ಡ ಸಭಾಂಗಣಗಳಿಗೆ ಕೊಂಡೊಯ್ದ. ಸಾವಿರಾರು ಮಂದಿಯ ಮುಂದೆ ಒಬ್ಬನೇ, ಒಂದೇ ವಾದ್ಯ, ಕರುಳಿನ ಮೂರು ತಂತಿ. ಎರಡನೆಯ ಮಹಾಯುದ್ಧ ಬಂದಾಗ ಆ ಕರುಳೂ ಸಿಗದಾಯಿತು. ಗಾಯ ಹೊಲಿಯಲು ಶಸ್ತ್ರವೈದ್ಯರಿಗೆ ಬೇಕಾಗಿದ್ದುದೂ ಅದೇ ಕುರಿಯ ಕರುಳು. ಗಾಯಾಳುವಿನ ಮುಂದೆ ಗಾಯಕನ ಗೋಳು ಯಾರು ಕೇಳಿಯಾರು?

ದಾರಿ ತೋರಿದ್ದು ಅಮೆರಿಕದ ರಸಾಯನ ಕಾರ್ಖಾನೆ. ಡ್ಯುಪಾಂಟ್ ಸಂಸ್ಥೆಯ ಪ್ರಯೋಗಾಲಯದಲ್ಲಿ ವ್ಯಾಲೆಸ್ ಕೆರಾದರ್ಸ್ 1935ರಲ್ಲಿ ಕಂಡುಹಿಡಿದ ನೈಲಾನ್ ಮೊದಲು ಹಲ್ಲುಜ್ಜುವ ಬ್ರಷ್ಷಿಗೂ ಹೆಂಗಸರ ಕಾಲುಚೀಲಕ್ಕೂ ಹೋಗಿತ್ತು. ನ್ಯೂಯಾರ್ಕಿನ ವಾದ್ಯತಯಾರಕ ಆಲ್ಬರ್ಟ್ ಅಗಸ್ಟೀನ್ ಅದನ್ನು ಗಿಟಾರಿಗೆ ಒಗ್ಗಿಸಿದ. ಸೆಗೋವಿಯ ನುಡಿಸಿ ನೋಡಿ ಒಪ್ಪಿದ. 1940ರ ದಶಕ ಮುಗಿಯುವ ಹೊತ್ತಿಗೆ ನೈಲಾನ್ ತಂತಿ ಅಂಗಡಿಗೆ ಬಂದಿತು. ಉದ್ದಕ್ಕೂ ಒಂದೇ ದಪ್ಪ, ಬೆವರಿಗೆ ಬೆದರದು, ಹರಿಯುವುದು ಅಪರೂಪ. ಹೊಸತಾಗಿ ಕಟ್ಟಿದಾಗ ಕೆಲವು ದಿನ ಹಿಗ್ಗುತ್ತಲೇ ಇದ್ದು ಶ್ರುತಿ ನಿಲ್ಲದೆ ಕಾಡುತ್ತದೆ, ಅಷ್ಟೆ. ಮುನ್ನೂರು ವರ್ಷ ಸಂಗೀತಗಾರರು ಬೇಡಿದ್ದನ್ನು ಕೊನೆಗೆ ಕೊಡಿಸಿದ್ದು ಯುದ್ಧದ ಅಭಾವ.

ಉಕ್ಕಿನ ತಂತಿಯದು ಬೇರೆಯ ಕಥೆ. 1920ರ ದಶಕದಿಂದ ಅಮೆರಿಕದಲ್ಲಿ ಅದು ಹರಡಿತು. 1930ರ ದಶಕದಲ್ಲಿ ವಿದ್ಯುತ್ ಗಿಟಾರು ಬಂದ ಮೇಲೆ ಅದೇ ಮುಖ್ಯವಾಯಿತು. ಉಕ್ಕಿಗೆ ಬಲ ಹೆಚ್ಚು, ಆದರೆ ಬೆವರಿಗೆ ತುಕ್ಕು ಹಿಡಿಯುತ್ತದೆ. ಕುದುರೆಯ ಚೂಪಾದ ಅಂಚಿನ ಮೇಲೆ ಮತ್ತೆ ಮತ್ತೆ ಬಾಗಿ ಆಯಾಸಗೊಂಡು ಅಲ್ಲಿಯೇ ಕಡಿಯುತ್ತದೆ. 1954ರಲ್ಲಿ ಬಂದ ಸ್ಟ್ರ್ಯಾಟೊಕಾಸ್ಟರ್ ಗಿಟಾರಿನಲ್ಲಿ ಸ್ವರವನ್ನು ಅಲುಗಿಸಲು ಸ್ಪ್ರಿಂಗಿನ ಮೇಲೆ ನಿಂತ ಕುದುರೆಯೊಂದನ್ನು ಇಟ್ಟರು. ಅಲ್ಲಿ ಒಂದು ತಂತಿ ಹರಿದರೆ ತೂಕ ತಪ್ಪಿ ಸ್ಪ್ರಿಂಗು ಹಿಂದಕ್ಕೆಳೆದು ಉಳಿದ ಐದರ ಶ್ರುತಿಯೂ ಮೇಲಕ್ಕೆ ಜಾರುತ್ತದೆ. ಒಬ್ಬ ಸತ್ತರೆ ಮನೆಯೆಲ್ಲ ಕಂಗಾಲು!

ವಾದ್ಯವೃಂದದಲ್ಲಿ ನುಡಿಸುವವರಿಗೆ ಒಂದು ಆಸರೆಯುಂಟು. 1986ರ ಜುಲೈ 26ರಂದು ಅಮೆರಿಕದ ಟ್ಯಾಂಗಲ್‌ವುಡ್‌ನಲ್ಲಿ ಮಿದೋರಿ ಎಂಬ ಹದಿನಾಲ್ಕರ ಜಪಾನಿ ಹುಡುಗಿ ಲಿಯೊನಾರ್ಡ್ ಬರ್ನ್‌ಸ್ಟೈನರ ಕೃತಿಯನ್ನು ಅವರದೇ ನಿರ್ದೇಶನದಲ್ಲಿ ಪಿಟೀಲಿನಲ್ಲಿ ನುಡಿಸುತ್ತಿದ್ದಳು. ಮೇಲಿನ ತಂತಿ ಹರಿಯಿತು. ಅವಳು ಪಕ್ಕದ ಮುಖ್ಯ ಪಿಟೀಲುವಾದಕರ ವಾದ್ಯವನ್ನು ತೆಗೆದುಕೊಂಡು ಮುಂದುವರಿದಳು. ಅದರ ತಂತಿಯೂ ಹರಿಯಿತು! ಮೂರನೆಯ ಪಿಟೀಲಿನಲ್ಲಿ ಮುಗಿಸಿದಳು. ಅವಳ ಸ್ವಂತದ ವಾದ್ಯಕ್ಕಿಂತ ಅವು ದೊಡ್ಡವು ಬೇರೆ. ಆಮೇಲೆ ಪತ್ರಿಕೆಯ ಮುಖಪುಟದಲ್ಲಿ ಅದೇ ಸುದ್ದಿ.

ಗಿಟಾರಿನವನಿಗೆ ಪಕ್ಕದಲ್ಲಿ ಅಂಥ ನೆರೆಯವರಿರುವುದಿಲ್ಲ. ಅದಕ್ಕೂ ಒಂದು ವರ್ಷ ಮುಂಚೆ, 1985ರ ಸೆಪ್ಟೆಂಬರ್ 22ರಂದು, ಇಲಿನಾಯ್ ರಾಜ್ಯದ ಶಾಂಪೇನ್ ಊರಿನಲ್ಲಿ, ಸಾಲದಲ್ಲಿ ಮುಳುಗಿದ ರೈತರ ನೆರವಿಗೆಂದು ನಡೆದ ಫಾರ್ಮ್ ಏಡ್ ಕಚೇರಿಯಲ್ಲಿ ಬಿ. ಬಿ. ಕಿಂಗ್ ಹಾಡುತ್ತಿದ್ದರು. ಬ್ಲೂಸ್ ಎಂಬ ಕರಿಯರ ಅಳಲಿನ ಹಾಡಿಗೆ ಅವರು ದೊಡ್ಡ ಹೆಸರು. ಅರವತ್ತು ತುಂಬಿ ಇನ್ನೂ ವಾರವಾಗಿರಲಿಲ್ಲ. ತಮ್ಮ ಗಿಟಾರಿಗೆ ಲೂಸಿಲ್ ಎಂದು ಹೆಸರಿಟ್ಟು ಮಾತಾಡಿಸುತ್ತಿದ್ದವರು. ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನು ಜಾರಿಸುವುದೇ, ನಮ್ಮ ಗಮಕದಂತೆ, ಅವರ ವಾದನದ ಜೀವ. ತಂತಿ ಹರಿಯಲು ಅದಕ್ಕಿಂತ ಒಳ್ಳೆಯ ಕಾರಣ ಬೇಡ. ಹಾಡಿನ ನಡುವೆ ಹರಿಯಿತು. ಹಾಡು ನಿಲ್ಲಲಿಲ್ಲ. ಹಿಂದಿನವರು ತಾಳ ಹಿಡಿದೇ ಇದ್ದರು. ಕಿಂಗ್ ಹಾಡುತ್ತಲೇ ಹೊಸ ತಂತಿಯನ್ನು ತೂತಿಗೆ ಪೋಣಿಸಿ, ಬಿರಡೆ ತಿರುಗಿಸಿ, ಶ್ರುತಿಗೆ ತಂದು, ನುಡಿಸಲು ತೊಡಗಿದರು.

ಇದರ ಚಿತ್ರೀಕರಣ ಉಳಿದುಬಂದಿದೆ. ಹುಡುಗನನ್ನು ಕರೆದು ಶಾಲೆಯ ಗಣಕಯಂತ್ರದಲ್ಲಿ ತೋರಿಸಿದೆ. ಮೊದಲ ಸಲ ಅವನು ನಕ್ಕ. ಎರಡನೆಯ ಸಲ ನಗಲಿಲ್ಲ. ಮುಖ ಪರದೆಗೆ ಹತ್ತಿರ ತಂದು, ಕಿಂಗ್ ಬಿರಡೆಗೆ ತಂತಿಯನ್ನು ಎಷ್ಟು ಸುತ್ತು ಸುತ್ತುತ್ತಾರೆಂದು ಬೆರಳು ಮಡಿಸಿ ಎಣಿಸುತ್ತಿದ್ದ.