ಹಳೆಯ ಕಾರುಗಳ ನೋಂದಣಿ ನವೀಕರಣ: ತಪಾಸಣೆಗೆ ಮುನ್ನ ಬ್ರೇಕ್ ಮತ್ತು ಕ್ಲಚ್ ಪೆಡಲ್ ಪರೀಕ್ಷೆ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 41ರನ್ವಯ ಸ್ವಂತ ಬಳಕೆಯ ಕಾರಿನ ನೋಂದಣಿಯು 15 ವರ್ಷ ಸಿಂಧುವಾಗಿದ್ದು, ನಂತರ 5 ವರ್ಷಗಳ ಅವಧಿಗೆ ನವೀಕರಿಸಲ್ಪಡುತ್ತದೆ. ನಮೂನೆ 25ರ ಅರ್ಜಿಯನ್ನು ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ ಸಲ್ಲಿಸತಕ್ಕದ್ದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳ ಮಾಲೀಕರು ವಾಹನವನ್ನು ತಪಾಸಣೆಗೆ ಹಾಜರುಪಡಿಸಲು ಹೆದ್ದಾರಿಗೆ ಇಳಿಯುವ ಮೊದಲೇ ಪೆಡಲ್‌ಗಳನ್ನು ಪರೀಕ್ಷಿಸಿಕೊಳ್ಳುವುದು ಕ್ಷೇಮಕರ.

ಬ್ರೇಕ್ ಪೆಡಲ್ ಮೆತ್ತಗಿದ್ದು, ಎರಡು ಮೂರು ಬಾರಿ ತುಳಿದಾಗ ಮೇಲೇರಿದಲ್ಲಿ ಕೊಳವೆಗಳಲ್ಲಿ ಗಾಳಿ ಸೇರಿರುವ ಅಥವಾ ಹಿಂಬದಿಯ ಬ್ರೇಕ್ ಶೂಗಳ ಹೊಂದಾಣಿಕೆ ತಪ್ಪಿರುವ ಸಂಭವವಿದೆ. ಒತ್ತಿ ಹಿಡಿದಾಗ ನಿಧಾನವಾಗಿ ಕುಸಿಯುವ ಪೆಡಲ್ ಇದಕ್ಕಿಂತಲೂ ಅಪಾಯಕಾರಿ. ಹೊರಗೆ ಎಲ್ಲಿಯೂ ಸೋರಿಕೆ ಕಾಣದಿದ್ದಲ್ಲಿ ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್‌ನೊಳಗಿನ ರಬ್ಬರ್ ಸವೆದಿರುತ್ತದೆ. ಅಂತಹ ವಾಹನವನ್ನು ದುರಸ್ತಿಗೊಳಿಸದೆ ಚಲಾಯಿಸಕೂಡದು. ಪೆಡಲ್ ಅತಿ ಗಡುಸಾಗಿದ್ದಲ್ಲಿ ಎಂಜಿನ್ ನಿಲ್ಲಿಸಿ ಹಲವು ಬಾರಿ ತುಳಿದು, ಒತ್ತಿ ಹಿಡಿದಂತೆಯೇ ಎಂಜಿನ್ ಚಾಲೂ ಮಾಡಬೇಕು. ಆಗ ಪೆಡಲ್ ತುಸು ಕೆಳಗಿಳಿಯದಿದ್ದರೆ ಬೂಸ್ಟರ್ ಅಥವಾ ಅದರ ಕೊಳವೆಯನ್ನು ಮೆಕ್ಯಾನಿಕ್‌ಗೆ ತೋರಿಸುವುದು. ಬ್ರೇಕ್ ಆಯಿಲ್ ಕಡಿಮೆಯಾಯಿತೆಂದು ಕೈಗೆ ಸಿಕ್ಕ ಎಂಜಿನ್ ಆಯಿಲ್ ಸುರಿಯುವುದುಂಟು. ಇದರಿಂದ ರಬ್ಬರ್ ಭಾಗಗಳು ಊದಿಕೊಂಡು ಬ್ರೇಕ್ ವ್ಯವಸ್ಥೆಯೇ ಕೆಡುತ್ತದೆ. ಮುಚ್ಚಳದ ಮೇಲೆ ನಮೂದಿಸಿರುವ ದರ್ಜೆಯ ಬ್ರೇಕ್ ಆಯಿಲನ್ನೇ ಬಳಸತಕ್ಕದ್ದು.

ಮಾರುತಿ 800ರಂತಹ ಕಾರುಗಳಲ್ಲಿ ಕ್ಲಚ್ ಕೇಬಲ್ ಮೂಲಕ ಕಾರ್ಯನಿರ್ವಹಿಸುತ್ತದೆ. ಪೆಡಲ್‌ನ ಸಡಿಲಾಟ ಹೆಚ್ಚಾದಲ್ಲಿ ಗೇರ್ ಹಾಕುವಾಗ ಕರಕರ ಸದ್ದು ಬರುವುದು. ಸಡಿಲಾಟವೇ ಇಲ್ಲದಿದ್ದಲ್ಲಿ ಕ್ಲಚ್ ಜಾರಿ, ಏರಿನಲ್ಲಿ ಎಂಜಿನ್ ಸದ್ದು ಹೆಚ್ಚಿದರೂ ವೇಗ ಹೆಚ್ಚದು. ಇವೆರಡೂ ಬಹುತೇಕ ಹೊಂದಾಣಿಕೆಯಿಂದ ಸರಿಹೋಗುತ್ತವೆ. ಎಳೆ ಬಿಚ್ಚಿದ ಕೇಬಲನ್ನು ಮಾತ್ರ ಬದಲಾಯಿಸಲೇಬೇಕು.

ತಪಾಸಣೆಯ ದಿನ ಮೂಲ ನೋಂದಣಿ ಪತ್ರ, ಚಾಲ್ತಿ ವಿಮೆ ಹಾಗೂ ಹೊಗೆ ತಪಾಸಣಾ ಪ್ರಮಾಣಪತ್ರಗಳನ್ನು ತರತಕ್ಕದ್ದು.